ಗೋದಾಮಿನ ವಿಷ ಯಾರ ಉಸಿರಿಗೆ?

ಅಕ್ಕಿ, ಕಾಳು, ಅಡಿಕೆಗಳನ್ನು ಹುಳದಿಂದ ಕಾಪಾಡದೆ ನಮ್ಮ ಸೀಮೆಯ ಮಳೆಗಾಲವನ್ನು ದಾಟುವಂತಿಲ್ಲ. ಉಜಿರೆಯ ವ್ಯಾಪಾರಿಗೂ ಗಿರಣಿಯವರಿಗೂ ಇದು ತಿಳಿದ ಮಾತು. ಆದುದರಿಂದ ಗೋದಾಮಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯೇ ಬೇಡವೆಂಬುದು ನಮ್ಮ ವಾದವಲ್ಲ. ಆದರೆ ಹುಳ ಯಾವುದು, ಹಮಾಲಿ ಯಾರು ಎಂಬ ಭೇದ ಆ ವಿಷಗಾಳಿಗೆ ತಿಳಿಯದು. ಚೀಲ ಉಳಿಯಿತೇ ಎಂದು ಕೇಳುವವರಿದ್ದಾರೆ. ಚೀಲ ಹೊತ್ತವನು ಉಳಿದನೇ ಎಂದು ಕೇಳುವವರು ಯಾರು?

ಮೊದಲು ಇದರ ಗುಣವನ್ನು ಅರಿಯೋಣ. ಮಾತ್ರೆಗೆ ತೇವ ತಗಲಿದರೆ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ನೀರೇ ಬೀಳಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಘಟ್ಟದ ಬುಡದ ನಮ್ಮೂರಲ್ಲಿ ತೇವಕ್ಕೇನು ಬರ? ಅನಿಲಕ್ಕೆ ಬಣ್ಣವಿಲ್ಲ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರುವುದುಂಟು, ವಾಸನೆಯಿಲ್ಲವೆಂದು ಧೈರ್ಯಪಡುವಂತಿಲ್ಲ. ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಅದು ನುಸುಳುತ್ತದೆ. ಅಂಗಡಿಯ ಹಿಂದೆಯೇ ಹೆಂಡತಿ ಮಕ್ಕಳೊಡನೆ ವಾಸಿಸುವ ಸಣ್ಣ ವ್ಯಾಪಾರಿ ಇದನ್ನು ಮರೆಯಬಾರದು. ಮೂಗಿಗೆ ಕಟ್ಟಿದ ಬೈರಾಸು ಇದನ್ನು ತಡೆಯದು. ಮೈಯೊಳಗೆ ಹೊಕ್ಕರೆ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುತ್ತದೆ. ಹೃದಯ, ಶ್ವಾಸಕೋಶಗಳು ಕೆಡುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ಅಮೆರಿಕದ ಕಾರ್ಮಿಕ ನಿಯಮದಂತೆ ಎಂಟು ಗಂಟೆಯ ಪಾಳಿಯಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ 0.3 ಪಾಲಿಗಿಂತ ಹೆಚ್ಚು ಫಾಸ್ಫೀನ್ ಇರಕೂಡದು. ನಮ್ಮ ಗೋದಾಮುಗಳಲ್ಲಿ ಅಳೆದು ನೋಡುವವರು ಯಾರು?

ಕಾನೂನು ಇಲ್ಲವೆಂದಲ್ಲ. 1968ರ ಕೀಟನಾಶಕ ಕಾಯಿದೆಯಿದೆ. ಈ ಮಾತ್ರೆಯನ್ನು ಸರಕಾರಿ ಸಂಸ್ಥೆಗಳು ಅಥವಾ ಕೀಟ ನಿಯಂತ್ರಣದವರು, ಅದೂ ಒಪ್ಪಿಗೆ ಪಡೆದ ತಜ್ಞರ ಕಣ್ಣೆದುರು ಮಾತ್ರ ಬಳಸಬೇಕೆಂಬ ನಿರ್ಬಂಧವಿದೆ. ಮೂರು ಗ್ರಾಮಿನ 10 ಮತ್ತು 20 ಮಾತ್ರೆಗಳ ಕೊಳವೆಗಳನ್ನು 2001ರಲ್ಲಿ ಕೇಂದ್ರ ಸರಕಾರ ಪೂರ್ಣವಾಗಿ ನಿಷೇಧಿಸಿತು. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿರಬೇಕು, ಪ್ರಾದೇಶಿಕ ಭಾಷೆಯಲ್ಲಿ ಎಚ್ಚರಿಕೆಯಿರಬೇಕು. ಆದರೆ ಡಬ್ಬಿ ಒಡೆದು ಕಾಗದದಲ್ಲಿ ಕಟ್ಟಿಕೊಟ್ಟ ಬಿಡಿ ಮಾತ್ರೆಗೆ ಯಾವ ತ್ರಿಕೋನ, ಯಾವ ಭಾಷೆ? ಅಂತಹ ಮಾತ್ರೆ ಮನೆಯ ಕಪಾಟನ್ನು ಸೇರಿದರೆ ಮಗುವಿನ ಕೈಗೂ ಎಟಕುತ್ತದೆ.

ಕಾನೂನು ಎಚ್ಚರಗೊಳ್ಳಲು ತಡವಾದರೆ ಏನಾಗುವುದೆಂದು ನಮ್ಮ ತಾಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು. ಗೇರುಬೀಜದ ಲಾಭ ಒಂದು ಕಡೆಗೆ ಹೋಯಿತು, ನೋವು ಇನ್ನೊಂದು ಕಡೆಗೆ ಉಳಿಯಿತು.

ಆದುದರಿಂದ ನಾವು ಒತ್ತಾಯಿಸುವುದಿಷ್ಟೆ: ಬಿಡಿ ಮಾರಾಟವನ್ನು ಕೃಷಿ ಇಲಾಖೆಯ ಅಧಿಕಾರಿಗಳು ಅಂಗಡಿಗೆ ಬಂದು ತಡೆಯಲಿ. ವಿಷವಿಟ್ಟ ಗೋದಾಮಿಗೆ ಬೀಗವೂ ಕನ್ನಡದ ಫಲಕವೂ ಇರಲಿ. ಓದಲು ಬಾರದವರಿಗೆ ತುಳುವಿನಲ್ಲಿ ಬಾಯಿಂದಲೇ ಹೇಳಲಿ. ಗಾಳಿಯಾಡಿಸಿ, ಅಳೆದು, ಅಪಾಯವಿಲ್ಲವೆಂದು ಖಚಿತವಾಗುವ ತನಕ ಕೂಲಿಯವನನ್ನು ಒಳಗೆ ಕಳಿಸಕೂಡದು. ಕಳಿಸಿದರೆ ಹೋಗೆನೆನ್ನುವ ಹಕ್ಕು ಅವನಿಗಿರಬೇಕು, ಅಂದಿನ ಕೂಲಿ ಕಡಿಯಕೂಡದು.

ತಲೆನೋವು, ವಾಂತಿ, ಉಸಿರುಕಟ್ಟು ಕಂಡರೆ ಆತನನ್ನು ತಕ್ಷಣ ಬಯಲಿಗೆ ತಂದು ಆಸ್ಪತ್ರೆಗೆ ಸಾಗಿಸಿ. ಮಾತ್ರೆಯ ಹೆಸರನ್ನು ವೈದ್ಯರಿಗೆ ತಿಳಿಸಿ. ಮನೆಮದ್ದು ನೋಡುತ್ತ ಕೂರಬೇಡಿ.

ವ್ಯಾಪಾರಿ ಬಂಧುಗಳು ಇದನ್ನು ಕಾರ್ಮಿಕರ ತಂಟೆಯೆಂದು ತಿಳಿಯದಿರಲಿ. ಗೋದಾಮಿನ ಗೋಡೆಯ ಆಚೆ ಮಲಗಿರುವುದು ಅವರದೇ ಸಂಸಾರ.