ಹಾಸಿಗೆ ಇದ್ದಷ್ಟು ಬಿಸಿಲು!

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿ ಹೋದರು. ಸರಿ, ಚಾಚಿದ್ದಾಯ್ತು. ಆದರೆ ಆ ಹಾಸಿಗೆ ಬಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಒಗೀಬೇಕು, ಎಲ್ಲಿ ಒಣಗಿಸಬೇಕು ಅನ್ನೋ ವಿಷಯಕ್ಕೆ ಮಾತ್ರ ಗಾದೆ ಬಾಯಿ ಬಿಡೋದಿಲ್ಲ!

'ಸಿನಿಮಾ ಪತ್ರಿಕೆಯಲ್ಲಿ ಬೆಡ್‌ಶೀಟ್ ಪುರಾಣವೇ?' ಅಂತ ಹುಬ್ಬೇರಿಸಬೇಡಿ ಸ್ವಾಮಿ. ಟೂರಿಂಗ್ ಟಾಕೀಸಿನ ಪರದೆ ಅಂದರೇನು? ಬಿಗಿದು ಕಟ್ಟಿದ ಬಿಳಿ ಬಟ್ಟೆ ತಾನೆ? ಆ ಬಟ್ಟೆಯ ಮೇಲೆ ನಾಯಕ ಮಲಗೋ ಮಂಚ ನೋಡಿ. ಹಾಲಿನಂಥ ಹಾಸು, ಒಂದು ಸುಕ್ಕಿಲ್ಲ. ಬಡ ಗುಮಾಸ್ತನ ಪಾತ್ರವಾದರೂ ಅಷ್ಟೆ! ಅದನ್ನು ಒಗೆದವರಾರು, ಹಿಂಡಿದವರಾರು ಅಂತ ತೋರಿಸೋ ನಿರ್ದೇಶಕರು ಅಪರೂಪ.

ಬಿಳಿ ಬಟ್ಟೆಯ ಮೋಹ ನಮಗೆ ಹತ್ತಿಸಿದ್ದರಲ್ಲಿ ಜಾಹೀರಾತಿನ ಪಾಲೂ ದೊಡ್ಡದು. ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಅಹಮದಾಬಾದಿನಲ್ಲಿ ಶುರು ಮಾಡಿದ ನಿರ್ಮಾ ಪುಡಿ, ಅಗ್ಗದ ಬೆಲೆಯಿಂದಲೇ ಮನೆಮನೆಗೆ ನುಗ್ಗಿತು. ಅದಕ್ಕೆ ಎದುರಾಳಿಯಾಗಿ ಸರ್ಫ್‌ನವರು ಲಲಿತಾಜಿಯನ್ನು ಕಣಕ್ಕಿಳಿಸಿದರು. ಆ ಪಾತ್ರದ ಹಿಂದಿದ್ದವರು ಅಲಿಕ್ ಪದಮ್‌ಸೀ. ಹೌದು, 1982ರ 'ಗಾಂಧಿ' ಚಿತ್ರದ ಜಿನ್ನಾ ಇವರೇ! ಲಲಿತಾಜಿಯಾಗಿ ನಟಿಸಿದವರು ಕವಿತಾ ಚೌಧರಿ. 1989ರ 'ಉಡಾನ್' ಧಾರಾವಾಹಿಯನ್ನು ಬರೆದು, ನಿರ್ದೇಶಿಸಿ, ನಟಿಸಿದ ಈ ಪ್ರತಿಭಾವಂತೆ 2024ರಲ್ಲಿ ತೀರಿಕೊಂಡರು. ಆ ಜಾಹೀರಾತಿನ ಕಾಲಕ್ಕೆ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಅಂಗಡಿಯಲ್ಲಿ ಚೌಕಾಸಿ ಮಾಡೋ ಹೆಂಗಸಿಗೆ ನಮ್ಮೂರಲ್ಲಿ ಇವತ್ತಿಗೂ ಲಲಿತಾಜಿ ಅಂತಲೇ ಬಿರುದು!

ಈಗ ಒಂದು ಗುಟ್ಟು. ಬಿಳಿ ಬೇರೆ, ಸ್ವಚ್ಛ ಬೇರೆ. ನೀಲಿ ಅದ್ದಿದರೆ ಬಟ್ಟೆಯ ಹಳದಿ ಬಣ್ಣ ಕಣ್ಣಿಗೆ ಕಾಣೋದಿಲ್ಲ, ಅಷ್ಟೆ. ಎಷ್ಟೋ ಸೋಪಿನ ಪುಡಿಗಳಲ್ಲಿ ಹೊಳಪಿನ ರಾಸಾಯನಿಕ ಇರುತ್ತೆ. ಅದು ಬಿಸಿಲಿನ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕು ಬಿಡುತ್ತೆ. ಇದು ಮೇಕಪ್ ಸ್ವಾಮಿ, ಮುಖ ತೊಳೆದದ್ದಲ್ಲ!

* * *

ನಮ್ಮದು ಗದಗಿನ ಕಡೆ ಹಳ್ಳಿ. ಮಹಾನವಮಿ ಹತ್ತಿರ ಬಂತೆಂದರೆ ಮನೆಯ ಕೌದಿ, ಕಂಬಳಿ, ದುಪ್ಪಟಿ ಎಲ್ಲಾ ಗಂಟು ಕಟ್ಟಿ ಹಳ್ಳಕ್ಕೆ ಸಾಗಿಸೋದು. ಕೌದಿ ಗೊತ್ತಲ್ಲ? ಹಳೇ ಸೀರೆ, ಧೋತರಗಳನ್ನು ಪದರ ಪದರ ಹಾಕಿ ಹೊಲಿದದ್ದು. ಒಣಗಿದಾಗ ಅಜ್ಜಿಯ ಮಡಿಲು, ನೆನೆದಾಗ ಎಮ್ಮೆ! ಕೈಲಿ ತಿಕ್ಕಿದರೆ ಆಗೋದಿಲ್ಲ, ಕಾಲಲ್ಲಿ ತುಳೀಬೇಕು. ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತು ತಿರುಚಿ ಹಿಂಡಬೇಕು. ಆಮೇಲೆ ಬಂಡೆ ಮೇಲೆ ಹರವಿಬಿಟ್ಟರೆ ಸಂಜೆ ಒಳಗೆ ಗರಿಗರಿ.

ಹಬ್ಬದ ನೆಪ ಇದ್ದರೂ ಲೆಕ್ಕ ಜಾಣರದ್ದು. ಮಳೆ ಮುಗಿದು ಹಳ್ಳದಲ್ಲಿ ನೀರು ಇರುತ್ತೆ, ಮೇಲೆ ಬಿಸಿಲೂ ಬಿದ್ದಿರುತ್ತೆ. ನಾಲ್ಕು ತಿಂಗಳ ತೇವ, ಮುಗ್ಗಲು ವಾಸನೆ ಎಲ್ಲಾ ಒಂದೇ ದಿನಕ್ಕೆ ಹೊರಗೆ. ಊರಿನ ಮಡಿವಾಳರು ಸವಳು ನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ ಉಬ್ಬೆ ಹಾಕುತ್ತಿದ್ದದ್ದೂ ಕೊಳೆ ತೆಗೆಯೋಕಷ್ಟೇ ಅಲ್ಲ. ಆ ಶಾಖಕ್ಕೆ ಹೇನು, ತಿಗಣೆ ಯಾವುದೂ ಉಳಿಯೋದಿಲ್ಲ.

ಅವ್ವ ಒಂದು ಮಾತು ಹೇಳ್ತಾಳೆ: 'ಕೌದಿ ಹಿಂಡಾಕ ನಾಕ್ ಕೈ ಬೇಕೋ ತಮ್ಮಾ. ಉಣ್ಣಾಕ ಹತ್ತು ಮಂದಿ ಬರ್ತಾರ, ಹಿಂಡಾಕ ಯಾರೂ ಬರಂಗಿಲ್ಲ.' ಮನೆಯಲ್ಲಿ ಎಲ್ಲರೂ ಹೊದ್ದುಕೊಳ್ಳುತ್ತಾರೆ, ಒಗೆಯೋ ಸೊಂಟ ಮಾತ್ರ ಒಂದೇ. ಓದುಗ ಮಹಾಶಯರೇ, ನಿಮ್ಮ ಮನೆಯಲ್ಲಿ ಆ ಸೊಂಟ ಯಾರದು?

* * *

ಬೆಂಗಳೂರಿಗೆ ಬಂದೆನಲ್ಲ, ಇಲ್ಲಿ ಹಳ್ಳ ಎಲ್ಲಿದೆ? ಬಂಡೆ ಎಲ್ಲಿದೆ? ಒಂದು ರೂಮು, ಮೂರು ಜನ. ಒಬ್ಬ ಲೈಟ್‌ಬಾಯ್, ಒಬ್ಬ ಸಹಾಯಕ ನಿರ್ದೇಶಕ, ಇನ್ನೊಬ್ಬ ನಾನು. ಬಾಡಿಗೆ ಮಾತಾಡುವಾಗಲೇ ಮಾಲೀಕರ ಕಟ್ಟಪ್ಪಣೆ: 'ನೋಡ್ರೀ, ತಾರಸಿ ಮೇಲೆ ಬಟ್ಟೆ ಒಣಗಹಾಕೋ ಹಾಗಿಲ್ಲ. ಮನೆ ಲಕ್ಷಣ ಕೆಡುತ್ತೆ.' ಲಕ್ಷಣ ಉಳೀತು. ಮೂರು ಬೆಡ್‌ಶೀಟು ರೂಮಿನೊಳಗೇ ಹಗ್ಗಕ್ಕೆ ನೇತುಬಿದ್ದವು.

ಹಿಂಡಿದ ಮೇಲೂ ಒಂದು ಹತ್ತಿ ಬೆಡ್‌ಶೀಟಿನಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಇರುತ್ತೆ. ಮೂರಕ್ಕೆ ಒಂದೂವರೆ ಲೀಟರ್. ಅದೆಲ್ಲಾ ಎಲ್ಲಿಗೆ ಹೋಗುತ್ತೆ? ರೂಮಿನ ಗಾಳಿಗೆ, ಗೋಡೆಗೆ, ಹಾಸಿಗೆಗೆ! ಜುಲೈ ಬರುವಷ್ಟರಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು. ಸಹಾಯಕ ನಿರ್ದೇಶಕನಿಗೆ ಮೊದಲೇ ಉಬ್ಬಸ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಗೊರಗಿ ಕೂತು ಸುಯ್ ಸುಯ್ ಅಂತ ಉಸಿರೆಳೆಯೋನು. ಬೆಳಿಗ್ಗೆ ಆರಕ್ಕೆ ಶೂಟಿಂಗ್. ಹೋಗದಿದ್ದರೆ ಆ ದಿನದ ಬೇಟಾ ಇಲ್ಲ. ಡಾಕ್ಟರ್ ಎದೆ ಪರೀಕ್ಷೆ ಮಾಡಿ ಕೇಳಿದ ಪ್ರಶ್ನೆ: 'ಬಟ್ಟೆ ಎಲ್ಲಿ ಒಣಗಿಸ್ತೀರಿ?'

ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ವಿಜ್ಞಾನ ಯಾಕೆ ಅನ್ನಬೇಡಿ, ಕೇಳಿ ತಿಳಿದದ್ದನ್ನೇ ಹೇಳ್ತೀನಿ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಇರುತ್ತೆ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟೇ ಅದರ ಊಟ. ನೀರು ಕುಡಿಯೋಕೆ ಅದಕ್ಕೆ ಬಾಯಿ ಬೇಡ, ಗಾಳಿಯ ತೇವವನ್ನೇ ಹೀರುತ್ತೆ. ಅದರ ಹಿಕ್ಕೆ ಮೂಗಿಗೆ ಹೋದರೆ ಉಬ್ಬಸದವರಿಗೆ ಕಷ್ಟ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಬಹುಪಾಲು ಹೋಗುತ್ತೆ, ಹುಳ ಸಾಯೋದಿಲ್ಲ. ಅದಕ್ಕೆ 60 ಡಿಗ್ರಿ ಬಿಸಿ ನೀರು ಬೇಕು. ಅಂದರೆ ಕೈ ಇಡಲಾಗದಷ್ಟು ಬಿಸಿ, ಕೋಲಿನಲ್ಲೇ ತಿರುವಬೇಕು. ಹತ್ತಿ ಬಟ್ಟೆ ತಡೆಯುತ್ತೆ. ಬಣ್ಣ ಬಿಡೋದನ್ನು ಬೇರೆ ಹಾಕಿ. ಹುಳುಕಡ್ಡಿ ಆದವರ ಬಟ್ಟೆಗೂ ಇದೇ ಮದ್ದು, ಉಳಿದವರ ಬಟ್ಟೆ ಜೊತೆ ನೆನೆಸಲೇಬೇಡಿ.

ಒಗೆಯೋದು ವಾರಕ್ಕೊಮ್ಮೆಯಾದರೆ ಒಳ್ಳೇದು. ದಿಂಬಿನ ಚೀಲ ಮರೀಬೇಡಿ, ಎಣ್ಣೆ, ಬೆವರು, ಜೊಲ್ಲು ಎಲ್ಲಾ ಅದರ ಪಾಲಿಗೇ. ಎದ್ದ ಕೂಡಲೇ ಹಾಸಿಗೆ ಸುತ್ತಿಡಬೇಡಿ; ಅರ್ಧ ಗಂಟೆ ಹರಡಿ ಬಿಡಿ, ರಾತ್ರಿಯ ಬೆವರು ಆರಲಿ. ಪೂರ್ತಿ ಒಣಗದ್ದನ್ನು ಮಡಚಿದರೆ ಮುಗ್ಗಲು ಗ್ಯಾರಂಟಿ. ಟಾಕೀಸಿನ ಕುರ್ಚಿಯಿಂದ ತಿಗಣೆ ಮನೆಗೆ ಬಂದಿದ್ದರೆ ಬಟ್ಟೆ ಒಗೆದಷ್ಟಕ್ಕೇ ಮುಗಿಯೋದಿಲ್ಲ, ಮಂಚದ ಸಂದಿಗೊಂದಿಯೂ ನೋಡಬೇಕು. ಮಲೆನಾಡಿನವರಿಗೆ ಮಳೆಗಾಲದಲ್ಲಿ ಬಚ್ಚಲೊಲೆಯ ಶಾಖವಾದರೂ ಉಂಟು. ನಮ್ಮಂಥ ರೂಮಿನವರಿಗೆ ತಾರಸಿ ಬಿಟ್ಟರೆ ಗತಿ ಇಲ್ಲ.

ಕೊನೆಗೆ ನಾವು ಮೂವರೂ ಹೋಗಿ ಮಾಲೀಕರ ಬಾಗಿಲು ತಟ್ಟಿದೆವು. ಡಾಕ್ಟರ ಚೀಟಿ ತೋರಿಸಿದೆವು. ಮಾಲೀಕರು ಪೇಪರಿನಿಂದ ತಲೆ ಎತ್ತಲಿಲ್ಲ. ಒಳಗಿಂದ ಅವರ ಮನೆಯಾಕೆ ಬಂದು ಕೀಲಿ ಕೊಟ್ಟರು. 'ಭಾನುವಾರ ಒಂಬತ್ತರಿಂದ ಎರಡು ಗಂಟೆ ತನಕ ಹಾಕ್ಕೊಳ್ರಪ್ಪ. ನಾನೂ ಈ ಮನೇಲಿ ಒಗೆಯೋಳೇ ಅಲ್ವಾ?'

ಉಬ್ಬಸ ಮಾಯವಾಯ್ತು ಅಂತ ಸಿನಿಮಾ ಕತೆ ಕಟ್ಟೋದಿಲ್ಲ. ಇನ್‌ಹೇಲರ್ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ. ಆದರೆ ರಾತ್ರಿ ಎದ್ದು ಕೂರೋದು ಕಡಿಮೆಯಾಗಿದೆ. ಕಳೆದ ತಿಂಗಳು ಒಂದು ದಿನವೂ ಅವನು ಶೂಟಿಂಗ್ ತಪ್ಪಿಸಿಲ್ಲ.

ಮನೆ ಮಾಲೀಕ ಮಹನೀಯರೇ, ನೀರಿಗೆ ದುಡ್ಡು ಕೇಳ್ತೀರಿ, ಕೊಡ್ತೀವಿ. ಕರೆಂಟಿಗೆ ಕೇಳ್ತೀರಿ, ಕೊಡ್ತೀವಿ. ಬಿಸಿಲಿಗೆ ಮಾತ್ರ ಬೀಗ ಹಾಕಬೇಡಿ. ವಾರಕ್ಕೊಂದು ಹೊತ್ತು ತಾರಸಿ ಬಾಗಿಲು ತೆಗೆದಿಡಿ, ಸಾಕು.

ಏನಂತೀರಿ?