ಬಾಯಿ ಜೋರಿನವರ ಪರವಾಗಿ ನಾಲ್ಕು ಮಾತು

'ಗೋಲ್ಡ್ ಡಿಗ್ಗರ್ಸ್ ಆಫ್ 1933' ಅಂತ ಒಂದು ಹಳೇ ಹಾಲಿವುಡ್ ಸಿನಿಮಾ ಇದೆ. ಕೋಲಾರದ ಕಡೆಯವರಿಗೆ ಈ ಹೆಸರು ಕೇಳಿದ ಕೂಡಲೇ ಚಾಂಪಿಯನ್ ರೀಫು, ಸಯನೈಡ್ ದಿಬ್ಬಗಳು, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ, 2001ರ ಫೆಬ್ರವರಿಯಲ್ಲಿ ಅದಕ್ಕೆ ಬಿದ್ದ ಬೀಗ, ಎಲ್ಲಾ ನೆನಪಾಗುತ್ತೆ. ಆದ್ರೆ ಈ ಸಿನಿಮಾದಲ್ಲಿ ಗಣಿಯೂ ಇಲ್ಲ, ಗುದ್ದಲಿಯೂ ಇಲ್ಲ. ದುಡ್ಡಿರೋ ಗಂಡಸಿಗೆ ಗಾಳ ಹಾಕುವ ಹೆಂಗಸನ್ನ ಅಮೆರಿಕದವರು ಹಾಗಂತ ಕರೀತಾರೆ. ನಿಜವಾಗಿ ಚಿನ್ನ ಅಗೆದವರ ಸೀಮೆಯವರಿಗೆ ಸ್ವಲ್ಪ ಉರಿಯೋ ಬೈಗುಳ :)

ಸಿನಿಮಾ ಮಾತ್ರ ಆ ಹೆಂಗಸರ ಪರವಾಗೇ ಇದೆ. ಅಮೆರಿಕದಲ್ಲಿ ಆಗ ದುಡಿಯುವವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಕೆಲಸ ಇರಲಿಲ್ಲ. ನಾಣ್ಯದ ವೇಷ ತೊಟ್ಟ ಹುಡುಗಿಯರು 'ಈಗ ನಮ್ಮ ಕೈತುಂಬಾ ಕಾಸು' ಅನ್ನೋ ಅರ್ಥದ ಹಾಡಿಗೆ ತಾಲೀಮು ನಡೆಸ್ತಿರುವಾಗಲೇ ಸಾಲ ವಸೂಲಿಯವರು ನುಗ್ಗಿ ಸೀನರಿ, ಬಟ್ಟೆ ಎಲ್ಲಾ ಹೊತ್ಕೊಂಡು ಹೋಗ್ತಾರೆ. ನಾಟಕ ನಿಂತು ಹೋಗುತ್ತೆ. ಕೆಲಸ ಕಳಕೊಂಡ ಮೂವರು ಹುಡುಗಿಯರು ಒಂದೇ ಮನೇಲಿ ಇರ್ತಾರೆ. ಬೆಳಗ್ಗೆ ಎದ್ದರೆ ತಿನ್ನೋಕೆ ಏನಿಲ್ಲ. ಒಬ್ಬಳು ಕಿಟಕಿಯಿಂದ ಇಕ್ಕಳ ಚಾಚಿ ಪಕ್ಕದ ಮನೆಯವರ ಹಾಲಿನ ಬಾಟ್ಲಿ ಎತ್ತಿಬಿಡ್ತಾಳೆ. ಇಷ್ಟರ ನಡುವೆ ಅವರ ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರಲ್ಲ. ಒಬ್ಬಳ ಮಾತಿಗೆ ಇನ್ನೊಬ್ಬಳ ಮಾತು, ಪಟಪಟ ಅಂತ.

ಆ ಮೂವರಲ್ಲಿ ಒಬ್ಬಳು ಜೋನ್ ಬ್ಲಾಂಡೆಲ್. 1906ರಲ್ಲಿ ಹುಟ್ಟಿದವಳು, ಊರೂರು ತಿರುಗಿ ಆಟ ಆಡುತ್ತಿದ್ದ ಕುಟುಂಬದವಳು. ನಮ್ಮ ಕಂಪನಿ ನಾಟಕದ ಮಕ್ಕಳ ಹಾಗೆ ರಂಗದ ಮೇಲೇ ಬೆಳೆದವಳು. ದೊಡ್ಡ ಕಣ್ಣು, ದುಂಡು ಮುಖ. ಮಾತನ್ನ ಒತ್ತಿ ಹೇಳೋದೇ ಇಲ್ಲ, ಹೋಗ್ತಾ ಹೋಗ್ತಾ ಎಸೆದು ಹೋಗ್ತಾಳೆ. ಎದುರಿಗಿರುವ ಸಾಹುಕಾರನಿಗೆ ತಾನು ಹೊಡೆಸಿಕೊಂಡೆ ಅಂತ ಗೊತ್ತಾಗೋ ಹೊತ್ತಿಗೆ ಇವಳು ಬಾಗಿಲ ಹತ್ರ ಇರ್ತಾಳೆ!

ಈಗ ಕೊನೆ ನೋಡಿ. ಅಷ್ಟೊತ್ತು ತಮಾಷೆ ಮಾಡಿದ ಇದೇ ಹುಡುಗಿ ಬೀದಿಯಲ್ಲಿ ದೀಪದ ಕಂಬಕ್ಕೆ ಒರಗಿ ನಿಂತು 'ರಿಮೆಂಬರ್ ಮೈ ಫರ್ಗಾಟನ್ ಮ್ಯಾನ್' ಅನ್ನೋ ಹಾಡನ್ನ ಹಾಡೋದಕ್ಕಿಂತ ಹೆಚ್ಚಾಗಿ ಮಾತಿನಂತೆ ಹೇಳ್ತಾಳೆ. ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದು ಈಗ ಗಂಜಿಗೆ ಸಾಲು ನಿಂತ ಸೈನಿಕರ ಹಾಡು ಅದು. ಅಂಥ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ತಮಗೆ ಬರಬೇಕಿದ್ದ ಹಣ ಕೇಳಿಕೊಂಡು ವಾಷಿಂಗ್ಟನ್ನಿಗೆ ಹೋಗಿದ್ದರು, ಸರ್ಕಾರ ಸೈನ್ಯ ಬಿಟ್ಟು ಓಡಿಸಿತ್ತು. ನಗಿಸಿದವಳ ಬಾಯಲ್ಲೇ ಆ ಸಂಕಟ ಹೇಳಿಸಿದ್ದು ನನಗೆ ಬಹಳ ಸರಿ ಅನ್ನಿಸುತ್ತೆ. ಯಾಕಂದ್ರೆ ಹಾಲಿನ ಬೆಲೆ ಗೊತ್ತಿರೋದು ಅವಳಿಗೇ.

ಇದನ್ನ ನೋಡುವಾಗೆಲ್ಲ ನನಗೆ ನೆನಪಾಗೋದು ನಮ್ಮ ಉಮಾಶ್ರೀ.

'ಉಮಾಶ್ರೀನಾ? ಡಬಲ್ ಮೀನಿಂಗ್?' ಅಂತ ನಗೋರು ಇನ್ನೂ ಇದ್ದಾರೆ. 1984ರ ಕಾಶೀನಾಥರ 'ಅನುಭವ', ಆಮೇಲೆ ಎನ್.ಎಸ್. ರಾವ್ ಜೊತೆಗಿನ ಸಾಲು ಸಾಲು ಪಾತ್ರಗಳು. ಜನ ಶಿಳ್ಳೆ ಹೊಡೆದರು, ಮನೆಗೆ ಬಂದು ಮೂಗು ಮುರಿದರು. ಇದೇ ಉಮಾಶ್ರೀ ರಂಗದ ಮೇಲೆ ಸಿ.ಜಿ.ಕೆ. ನಿರ್ದೇಶನದ 'ಒಡಲಾಳ'ದಲ್ಲಿ ಸಾಕವ್ವ ಆಗಿದ್ದರು. ದೇವನೂರ ಮಹಾದೇವರ ಕಥೆ ಓದಿದವರಿಗೆ ಗೊತ್ತು: ಕಳೆದು ಹೋದ ಹುಂಜಕ್ಕಾಗಿ ಊರನ್ನೆಲ್ಲ ಬೈಯ್ಯುವ ಮುದುಕಿ, ಸಾಹುಕಾರನಲ್ಲಿಂದ ಕದ್ದು ತಂದ ಕಡಲೆಕಾಯಿ ಮೂಟೆಯನ್ನ ರಾತ್ರೋರಾತ್ರಿ ತಿಂದು ಮುಗಿಸುವ ಮನೆಮಂದಿ. ಅಲ್ಲಿ ಹಾಲಿನ ಬಾಟ್ಲಿ, ಇಲ್ಲಿ ಕಡಲೆಕಾಯಿ. ಎರಡು ಕಡೆಯೂ ಹಸಿವು, ಎರಡು ಕಡೆಯೂ ನಗು. ಸಾಕವ್ವನ ಬೈಗುಳಕ್ಕೆ ನಗುತ್ತಾ ನಗುತ್ತಾ ಗಂಟಲು ಕಟ್ಟುತ್ತೆ.

ಇನ್ನು 1995ರ 'ಪುಟ್ನಂಜ' ಯಾರಿಗೆ ನೆನಪಿಲ್ಲ? ರವಿಚಂದ್ರನ್ ಅಜ್ಜಿಯಾಗಿ ಪುಟ್ಮಲ್ಲಿ. ನಿಜವಾದ ವಯಸ್ಸಿನಲ್ಲಿ ಅಜ್ಜಿಗೂ ಮೊಮ್ಮಗನಿಗೂ ನಾಲ್ಕೇ ವರ್ಷ ವ್ಯತ್ಯಾಸ! ಮೂವತ್ತೆಂಟರ ಹೆಂಗಸು ಬೆನ್ನು ಬಗ್ಗಿಸಿ, ದನಿ ಬದಲಿಸಿ, ಇಡೀ ಸಿನಿಮಾನ ಸೆರಗಿಗೆ ಕಟ್ಟಿಕೊಂಡು ಹೋದರು.

ಆಮೇಲೆ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬಂತು. ವೈದೇಹಿಯವರ ಕಥೆ, ಕರಾವಳಿಯ ಸೂಲಗಿತ್ತಿ ಗುಲಾಬಿಯ ಪಾತ್ರ. 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಿಕ್ತು. ಆಗ ಎಲ್ಲರೂ ಹೇಳಿದ್ದು ಒಂದೇ ಮಾತು: 'ಪರವಾಗಿಲ್ಲ, ಉಮಾಶ್ರೀ ಒಳ್ಳೇ ನಟಿ ಕಣ್ರೀ!'

ನನ್ನ ತಕರಾರು ಇರೋದು ಈ 'ಪರವಾಗಿಲ್ಲ'ದ ಮೇಲೆ. ನಗಿಸಿದ್ದೆಲ್ಲ ಒಂದು ತಪ್ಪು, ಗುಲಾಬಿ ಅದಕ್ಕೆ ಪ್ರಾಯಶ್ಚಿತ್ತ ಅನ್ನೋ ಹಾಗೆ. ಬ್ಲಾಂಡೆಲ್ ಕಥೆಯೂ ಅಷ್ಟೇ. ಮೂವತ್ತರ ದಶಕವನ್ನೆಲ್ಲ ನಗಿಸಿದಾಗ ಆಸ್ಕರಿನವರು ತಿರುಗಿ ನೋಡಲಿಲ್ಲ. 1951ರಲ್ಲಿ 'ದಿ ಬ್ಲೂ ವೇಲ್' ಅನ್ನೋ ಕಣ್ಣೀರಿನ ಸಿನಿಮಾಕ್ಕೆ ಒಂದು ನಾಮಿನೇಷನ್ ಕೊಟ್ಟರು. ಪ್ರಶಸ್ತಿ ಬರಲಿಲ್ಲ, 1979ರಲ್ಲಿ ತೀರಿಕೊಂಡಳು.

ಹಾಗಂತ ಉಮಾಶ್ರೀ ಬಾಯಲ್ಲಿ ಬಂದ ಸಂಭಾಷಣೆಯೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಕೆಲವು ನಿಜಕ್ಕೂ ಕೊಳಕು. ಆದ್ರೆ ಅವನ್ನ ಬರೆದವರು ಯಾರು? ಶಿಳ್ಳೆ ಹೊಡೆದವರು ಯಾರು? ಬರೆದವರ ಹೆಸರು ಯಾರಿಗೂ ನೆನಪಿಲ್ಲ, ಹೇಳಿದವರ ಹೆಸರು ಮಾತ್ರ ಬೈಗುಳ ಆಯ್ತು. ಈ ಲೆಕ್ಕ ಯಾವ ತಕ್ಕಡಿಯಲ್ಲೂ ತೂಗಲ್ಲ.

ತಕ್ಕಡಿ ಅಂದಾಗ ನೆನಪಾಯ್ತು. ನಮ್ಮ ಕಡೆ ಹೆಂಗಸರ ಮಾತು ಕೇಳಿದವರಿಗೆ ನಾನು ಹೇಳೋದು ಸುಲಭವಾಗಿ ಅರ್ಥ ಆಗುತ್ತೆ. ಶ್ರೀನಿವಾಸಪುರದ ಮಾವಿನ ಮಂಡಿ, ಕೋಲಾರದ ಟೊಮ್ಯಾಟೊ ಮಾರ್ಕೆಟ್ಟು, ಮಾಲೂರಿನ ಇಟ್ಟಿಗೆ ಗೂಡು, ಎಲ್ಲಿ ಬೇಕಾದ್ರೂ ಹೋಗಿ. ಕನ್ನಡಕ್ಕೆ ತೆಲುಗು ಬೆರೆಸಿ ಹೊಡೆದರೆ ಎದುರಿನವ ಬೆವರಬೇಕು. 'ತೋಟದಾಗೆ ದಪ್ಪಕಿದ್ ಕಾಯಿ ನಿನ್ ತಕ್ಕಡಿ ಹತ್ತಿದ್ ಕೂಡ್ಲೆ ಸಣ್ಣಗಾಗೋಯ್ತಾ ಅಣ್ಣಾ? ಅಷ್ಟು ಭಯ್ವಾ ಅದ್ಕೆ ನಿನ್ ಕಂಡ್ರೆ?' ಅಂತ ಒಬ್ಬಾಕೆ ಅಂದ್ರೆ ಮಂಡಿಯೆಲ್ಲ ನಗುತ್ತೆ. ದಲ್ಲಾಳಿಯೂ ನಗ್ತಾನೆ, ತೂಕವನ್ನೂ ಸರಿ ಮಾಡ್ತಾನೆ. ಜಗಳ ಆಡಿದ್ದರೆ ನಾಳೆ ಅವಳ ಕಾಯಿ ಮುಟ್ಟುತ್ತಿರಲಿಲ್ಲ. ಕೈಯಲ್ಲಿ ಬೇರೆ ಏನೂ ಇಲ್ಲದವರ ಆಯುಧ ಅದು. ಬ್ಲಾಂಡೆಲ್ ಬಾಯಲ್ಲಿ ಇದ್ದದ್ದೂ ಅದೇ, ಸಾಕವ್ವನ ಬಾಯಲ್ಲಿ ಇದ್ದದ್ದೂ ಅದೇ.

ಸೌಂದರ್ಯ ನಮ್ಮ ಮುಳಬಾಗಿಲು ಕಡೆಯವರು ಅಂತ ಎದೆ ಉಬ್ಬಿಸಿ ಹೇಳ್ಕೋತೀವಿ, ಹೇಳ್ಕೋಬೇಕು ಕೂಡ. ಆದ್ರೆ ಹಾಸ್ಯನಟಿಯನ್ನ ಇವರು ನಮ್ಮವರು ಅಂತ ಯಾವ ಊರು ಹೇಳ್ಕೊಳ್ಳುತ್ತೆ? ಉಮಾಶ್ರೀ 2013ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸಿ ಹೆಣ್ಣುಮಕ್ಕಳನ್ನ ಸಾಕುವ ತಾಯಿಯಾಗಿ ಮನೆಮನೆ ಹೊಕ್ಕರು. ಈಗ ಗೌರವಕ್ಕೇನೂ ಕೊರತೆಯಿಲ್ಲ. ಆ ಗೌರವದಲ್ಲಿ ಪುಟ್ಮಲ್ಲಿಗೂ, ಎನ್.ಎಸ್. ರಾವ್‌ಗೆ ತಿರುಗೇಟು ಕೊಟ್ಟ ಹೆಂಗಸಿಗೂ ಪಾಲು ಇರಲಿ ಅನ್ನೋದಷ್ಟೇ ನನ್ನ ಮಾತು. ಅಳಿಸೋಕೆ ಒಂದು ಪಿಟೀಲು ಸಾಕು. ಹಸಿದ ಹೊಟ್ಟೆಯಲ್ಲಿ ನಗಿಸೋಕೆ ನಟಿಯೇ ಬೇಕು.

ನಿಮ್ಮ ಕಡೆಯ ಬಾಯಿ ಜೋರಿನವರು ಯಾರು? ಎಂ.ಎನ್. ಲಕ್ಷ್ಮೀದೇವಿ, ರಮಾದೇವಿ... ಪಟ್ಟಿ ದೊಡ್ಡದಿದೆ. ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬರು ಬರೀರಿ. ಏನಂತೀರಿ?