ಗೋಲಿನ ದಾರಿ ಕಟ್ಟುವವರು ಯಾರು?

ಸೋಲುತ್ತಿರುವ ತಂಡವೊಂದರ ಅಭಿಮಾನಿಗಳ ಸಿಟ್ಟನ್ನು ಬರಿಯ ಆವೇಶವೆಂದು ಬದಿಗೊತ್ತುವುದು ಕ್ರೀಡಾಸಂಸ್ಥೆಗಳಲ್ಲಿ ರೂಢಿಯಾಗಿ ಬಂದಿರುವ ಅಭ್ಯಾಸ. ಆದರೆ ಆ ಸಿಟ್ಟಿನೊಳಗೆ ತಂಡದ ಆಟವನ್ನು ವರ್ಷಗಟ್ಟಲೆ ಗಮನಿಸುತ್ತ ಬಂದವರ ತಿಳಿವಳಿಕೆಯೂ ಇರುತ್ತದೆ ಎಂಬುದನ್ನು ಬೆಂಗಳೂರು ಎಫ್‌ಸಿಯ ಕಳೆದ ಕೆಲವು ಋತುಗಳು ತೋರಿಸಿಕೊಟ್ಟಿವೆ. ಈ ತಂಡದ ಅಭಿಮಾನ ರಾಜಧಾನಿಯ ಗಡಿಯಲ್ಲಿ ಮುಗಿಯುವುದಿಲ್ಲ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್‌ಗಳಲ್ಲಿ ಫುಟ್‌ಬಾಲ್ ಹಲವು ತಲೆಮಾರುಗಳ ಆಟವಾಗಿದ್ದು, ಮಾರಿಕುಪ್ಪಂನಿಂದ ಬಂಗಾರಪೇಟೆ ಜಂಕ್ಷನ್ ಹಾದು ದಿನವೂ ದುಡಿಯುವ ಜನರನ್ನು ಬೆಂಗಳೂರಿಗೆ ಒಯ್ಯುವ ರೈಲುಮಾರ್ಗವೇ ಈ ಊರುಗಳನ್ನು ಕಂಠೀರವ ಕ್ರೀಡಾಂಗಣದೊಂದಿಗೂ ಬೆಸೆದಿದೆ. ಈ ಅಭಿಮಾನಿಗಳು ಕೇಳುತ್ತ ಬಂದಿರುವ ಮುಖ್ಯ ಪ್ರಶ್ನೆ, ಚೆಂಡು ಎದುರಾಳಿಯ ಗೋಲಿನವರೆಗೆ ತಲುಪುವ ದಾರಿಯನ್ನು ಕಟ್ಟುವ ಹೊಣೆ ಯಾರದು ಎಂಬುದು. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಿಗಬೇಕಾದ ಉತ್ತರ ಮಾತ್ರ ಒಬ್ಬ ತರಬೇತುದಾರನನ್ನು ಕಳಿಸಿ ಇನ್ನೊಬ್ಬನನ್ನು ತರುವುದಕ್ಕಿಂತ ಬಹಳ ದೊಡ್ಡದು.

ದಾಳಿಯ ತರಬೇತಿ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ಫುಟ್‌ಬಾಲ್‌ನಲ್ಲಿ, ಅಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆ ದೇಶದ ಜನಪ್ರಿಯ ಕ್ರೀಡೆಯಲ್ಲಿ, ಬಹುತೇಕ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನ ಮೂಲಕ ಹಾದುಹೋಗುತ್ತದೆ. ಚೆಂಡನ್ನು ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂಬ ನಿರ್ಣಯ ಅವನದು. ಅವನ ಹಿಂದೆ ದಾಳಿಯ ಯೋಜನೆಗಳನ್ನಷ್ಟೇ ರೂಪಿಸುವ ಪ್ರತ್ಯೇಕ ತರಬೇತುದಾರನಿರುವುದರಿಂದ, ಅಂಕಗಳು ಬರದಿದ್ದಾಗ ದೋಷ ಯೋಜನೆಯಲ್ಲಿದೆಯೋ ಅದನ್ನು ನಡೆಸಿದವನಲ್ಲಿದೆಯೋ ಎಂದು ಅಲ್ಲಿನ ಪ್ರೇಕ್ಷಕರು ಬಿಡಿಬಿಡಿಯಾಗಿ ಚರ್ಚಿಸಬಲ್ಲರು. ಜಗತ್ತಿನ ಉಳಿದ ಭಾಗ ಆಡುವ ಫುಟ್‌ಬಾಲ್‌ನಲ್ಲಿ ಇದಕ್ಕೆ ಸಮೀಪವಾದ ಕೆಲಸ ‘ಪ್ಲೇಮೇಕರ್’ ಎನಿಸಿಕೊಂಡ ಆಟಗಾರನದು. ಅವನು ರಕ್ಷಣಾ ಸಾಲಿನ ಮುಂದೆ ನಿಂತು ದೂರದ ಪಾಸ್‌ಗಳನ್ನು ಹಂಚಬಹುದು, ಇಲ್ಲವೇ ‘ನಂಬರ್ 10’ ಎನ್ನುವ ಜಾಗದಲ್ಲಿ, ಸ್ಟ್ರೈಕರ್‌ನ ಬೆನ್ನಿಗೆ ನಿಂತು ಕೊನೆಯ ಪಾಸ್ ಕೊಡಬಹುದು. ಆದರೆ ಆಟ ನಿಲ್ಲದೆ ಹರಿಯುವುದರಿಂದ ಪ್ರತಿ ದಾಳಿಗೂ ಹೊರಗಿನಿಂದ ಸೂಚನೆ ಕೊಡಲಾಗದು. ಯಾರು ಚೆಂಡಿನ ಕಡೆಗೆ ಬರಬೇಕು, ಯಾರು ಎದುರಾಳಿಯ ಬೆನ್ನಿನ ಹಿಂದೆ ಓಡಬೇಕು, ಬದಿಯಿಂದ ಕ್ರಾಸ್ ಬಂದಾಗ ಪೆನಾಲ್ಟಿ ಪ್ರದೇಶದಲ್ಲಿ ಎಷ್ಟು ಜನ ಇರಬೇಕು ಎಂಬುದೆಲ್ಲ ತಿಂಗಳುಗಟ್ಟಲೆ ನಡೆದ ಅಭ್ಯಾಸದಿಂದ ಕಾಲಿಗೆ ಹತ್ತಿರಬೇಕು. ರಕ್ಷಣೆಯನ್ನು ಶಿಸ್ತಿನಿಂದ ಬೇಗ ಕಲಿಸಬಹುದಾದರೂ ದಾಳಿಗೆ ಹೊಂದಾಣಿಕೆ ಬೇಕು, ಹೊಂದಾಣಿಕೆಗೆ ಕಾಲ ಬೇಕು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಗಿ, ಅಭಿಮಾನಿಗಳಲ್ಲಿ ಎತ್ತರದ ನಿರೀಕ್ಷೆಯನ್ನು ಬೆಳೆಸಿತು. ಇಂಡಿಯನ್ ಸೂಪರ್ ಲೀಗ್‌ಗೆ ಬಂದ 2017-18ರಲ್ಲಿ, ಆಲ್ಬರ್ಟ್ ರೋಕಾ ಅವರ ತರಬೇತಿಯಲ್ಲಿ, ತಂಡ ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಅಗ್ರಸ್ಥಾನ ಪಡೆಯಿತು. ವೆನೆಜುವೆಲಾದ ಮೀಕು ಆ ಋತುವಿನಲ್ಲಿ 15 ಗೋಲು ಹೊಡೆದರೆ, ಹೆಚ್ಚಾಗಿ ಎಡಬದಿಯಿಂದ ಒಳನುಗ್ಗಿ ಆಡುತ್ತಿದ್ದ ಸುನಿಲ್ ಛೆಟ್ರಿ 14 ಗೋಲು ಹೊಡೆದರು. ಒಬ್ಬ ಸ್ಟ್ರೈಕರ್ ರಕ್ಷಕರನ್ನು ತನ್ನತ್ತ ಎಳೆದುಕೊಂಡು, ತೆರೆದ ಜಾಗಕ್ಕೆ ಇನ್ನೊಬ್ಬ ನುಗ್ಗುವ ಆ ಜೋಡಿಯ ನೆನಪೇ ಮುಂದಿನ ಎಲ್ಲ ಋತುಗಳನ್ನು ಅಳೆಯುವ ಕೋಲಾಯಿತು.

ಮುಂದಿನ ವರ್ಷ ಕಾರ್ಲೆಸ್ ಕ್ವಾಡ್ರಾಟ್ ಅವರ ತರಬೇತಿಯಲ್ಲಿ ತಂಡ ಚಾಂಪಿಯನ್ ಆಯಿತಾದರೂ, ಮೀಕು ಹೋದ ಮೇಲೆ 2019-20ರಲ್ಲಿ ಲೀಗ್‌ನ 18 ಪಂದ್ಯಗಳಿಂದ ಬಂದ ಗೋಲುಗಳು 22 ಮಾತ್ರ. ಬಿಟ್ಟುಕೊಟ್ಟ ಗೋಲುಗಳು 13 ಆಗಿದ್ದುದರಿಂದ ಮೂರನೆಯ ಸ್ಥಾನ ಉಳಿಯಿತು. ಆದರೆ ದಾಳಿ ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಮೇಲೆ, ಅಂದರೆ ನಿಂತ ಚೆಂಡಿನಿಂದ ಆರಂಭವಾಗುವ ‘ಸೆಟ್ ಪೀಸ್’ಗಳ ಮೇಲೆ, ಹೆಚ್ಚು ಹೆಚ್ಚು ಅವಲಂಬಿಸತೊಡಗಿದೆ ಎಂಬ ಆಕ್ಷೇಪ ಆಗಲೇ ಕೇಳಿಬಂತು. ಆ ಆಕ್ಷೇಪಕ್ಕೆ ಕಿವಿಗೊಡಬೇಕಾಗಿತ್ತು. 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಕ್ವಾಡ್ರಾಟ್ ನಿರ್ಗಮಿಸಿದರು, ತಂಡ ಆ ಋತುವನ್ನು ಏಳನೆಯ ಸ್ಥಾನದಲ್ಲಿ ಮುಗಿಸಿತು.

ಆಮೇಲೆ ತರಬೇತುದಾರರಾಗಿ ಬಂದ ಸೈಮನ್ ಗ್ರೇಸನ್ ಅವರ ಅವಧಿ ಈ ವಿಷಯದಲ್ಲಿ ಇನ್ನೂ ಹೆಚ್ಚು ಅಧ್ಯಯನಯೋಗ್ಯ. 2022-23ರ ಮೊದಲರ್ಧದಲ್ಲಿ ತಂಡ ಪಟ್ಟಿಯ ಕೆಳಭಾಗಕ್ಕೆ ಜಾರಿ, ಆಮೇಲೆ ಸತತ ಗೆಲುವುಗಳಿಂದ ಎದ್ದು ಬಂದಾಗ, ರಾಯ್ ಕೃಷ್ಣ ಮತ್ತು ಯುವಕ ಶಿವಶಕ್ತಿ ನಾರಾಯಣನ್ ಮುಂಚೂಣಿಯಲ್ಲಿ ಓಡುತ್ತಿದ್ದರು. 38ರ ಛೆಟ್ರಿ ಮೀಸಲು ಆಟಗಾರರ ಬೆಂಚಿನಲ್ಲಿ ಕೂರುವುದು ಸಾಮಾನ್ಯವಾಯಿತು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇ-ಆಫ್‌ನಲ್ಲಿ ಬದಲಿ ಆಟಗಾರನಾಗಿ ಬಂದು ಹೆಚ್ಚುವರಿ ಸಮಯದಲ್ಲಿ ಅವರು ಬೇಗನೆ ಒದ್ದ ಫ್ರೀ ಕಿಕ್ ಗೋಲಾಯಿತು. ಅದನ್ನು ವಿರೋಧಿಸಿ ಎದುರಾಳಿ ತಂಡ ಮೈದಾನ ಬಿಟ್ಟಿತು. ನಾಲ್ಕು ದಿನಗಳ ನಂತರ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲೂ ಬೆಂಚಿನಿಂದ ಎದ್ದು ಬಂದೇ ಗೆಲುವಿನ ಗೋಲು ಹೊಡೆದರು. ಅವರನ್ನು ಹೊರಗಿಟ್ಟದ್ದು ಅವಮಾನವೆಂದು ಕೆಲವರು, ದಣಿದ ರಕ್ಷಕರ ಎದುರು ತಾಜಾ ಕಾಲುಗಳನ್ನು ಇಳಿಸಿದ್ದು ಜಾಣತನವೆಂದು ಇನ್ನು ಕೆಲವರು ವಾದಿಸಿದರು. ಎರಡೂ ವಾದಗಳು ಒಬ್ಬ ವ್ಯಕ್ತಿಯ ಸುತ್ತಲೇ ನಿಂತವು. ಅವರಿಗೆ ಚೆಂಡು ತಲುಪಿಸುವ ವ್ಯವಸ್ಥೆ ತಂಡದಲ್ಲಿದೆಯೇ ಎಂಬ ಪ್ರಶ್ನೆ ಹಿಂದೆ ಬಿತ್ತು.

ಆ ಪ್ರಶ್ನೆಯನ್ನು 2023-24 ಯಾರೂ ತಪ್ಪಿಸಿಕೊಳ್ಳಲಾಗದಂತೆ ಮುಂದಿಟ್ಟಿತು. ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋದರು, ಹಲವು ಅನುಭವಿಗಳು ಚದುರಿದರು, ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0-4 ಅಂತರದ ಸೋಲು ಬಂತು, ಮರುದಿನವೇ ಗ್ರೇಸನ್ ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದ ಜೆರಾರ್ಡ್ ಸರಗೋಸಾ ಕೂಡ ಋತುವಿನ ನಡುವೆ ಪವಾಡ ಮಾಡಲಾಗಲಿಲ್ಲ. 22 ಪಂದ್ಯಗಳಲ್ಲಿ 20 ಗೋಲು, 22 ಅಂಕ, 12 ತಂಡಗಳಲ್ಲಿ ಹತ್ತನೆಯ ಸ್ಥಾನ: ಲೀಗ್‌ನಲ್ಲಿ ಕ್ಲಬ್ ಕಂಡ ಅತಿ ಕೆಳಗಿನ ಹಂತ ಅದು. ಛೆಟ್ರಿ ಹೊಡೆದ ಗೋಲುಗಳು ಐದು. ವಯಸ್ಸಾಯಿತು, ಇನ್ನು ಸಾಕು ಎಂಬ ಮಾತು ಆಗ ಎಲ್ಲ ಕಡೆ ಹರಡಿತ್ತು.

ಮುಂದಿನ ಋತು ಆ ಮಾತಿಗೆ ಉತ್ತರ ಕೊಟ್ಟಿತು. ಅದೇ ಸರಗೋಸಾ ಅವರಿಗೆ ಪೂರ್ವಸಿದ್ಧತೆಯ ಪೂರ್ಣ ಅವಧಿ ದೊರೆತು, ನಡುಮೈದಾನಕ್ಕೆ ಆಲ್ಬರ್ಟೊ ನೊಗೇರಾ, ಪೆಡ್ರೊ ಕಾಪೊ, ಮುಂಚೂಣಿಗೆ ಎಡ್ಗರ್ ಮೆಂಡೆಸ್, ಹೋರ್ಹೆ ಪೆರೇರಾ ಡಿಯಾಸ್ ಬಂದ 2024-25ರಲ್ಲಿ ತಂಡ ಲೀಗ್‌ನ 24 ಪಂದ್ಯಗಳಲ್ಲಿ 40 ಗೋಲು ಹೊಡೆಯಿತು. ಪ್ಲೇ-ಆಫ್‌ನಲ್ಲಿ ಮುಂಬೈಯನ್ನು ಅದೇ ಕಂಠೀರವದಲ್ಲಿ 5-0 ಅಂತರದಿಂದ ಸೋಲಿಸಿ, ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತಿತು. ನಲವತ್ತು ತುಂಬಿದ್ದ ಛೆಟ್ರಿ, ಎಷ್ಟೋ ಪಂದ್ಯಗಳಲ್ಲಿ ಬೆಂಚಿನಿಂದಲೇ ಎದ್ದು ಬಂದು, 14 ಗೋಲು ಹೊಡೆದು, ಆ ಋತುವಿನ ಭಾರತೀಯ ಆಟಗಾರರಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರಾದರು. ಹಿಂದಿನ ವರ್ಷಕ್ಕಿಂತ ಒಂದು ವರ್ಷ ಹೆಚ್ಚು ವಯಸ್ಸಾದ ಅದೇ ಆಟಗಾರ ಸುಮಾರು ಮೂರು ಪಟ್ಟು ಗೋಲು ಗಳಿಸಿದ್ದಕ್ಕೆ ಕಾರಣ ಅವರ ಸುತ್ತ ಕಟ್ಟಿದ ದಾಳಿ: ನೊಗೇರಾ ಅವರಂಥ ಪ್ಲೇಮೇಕರ್ ಚೆಂಡು ಹಿಡಿದು ತಲೆಯೆತ್ತಿ ನೋಡಿದಾಗ ಮುಂದೆ ಮೂವರು ಓಡುತ್ತಿದ್ದರು, ಆ ಓಟಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಹತ್ತನೆಯ ಸ್ಥಾನದ ಋತುವಿನಲ್ಲಿ ದಾಳಿಗೆ ವಿನ್ಯಾಸವೇ ಇಲ್ಲವೆಂದು ದೂರಿದ ಅಭಿಮಾನಿಗಳು ತಪ್ಪು ಹೇಳಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಬದಲಾದದ್ದು ತರಬೇತಿಗಿಂತ ಹೆಚ್ಚಾಗಿ ಆಟಗಾರರ ಖರೀದಿ, ಒಳ್ಳೆಯ ವಿದೇಶಿಯರು ಬಂದರೆ ಯಾರ ತರಬೇತಿಯಲ್ಲಾದರೂ ಗೋಲು ಬರುತ್ತದೆ ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಅದೇ ವಾದ ಭಾರತದ ಫುಟ್‌ಬಾಲ್‌ನ ಆಳದ ಕೊರತೆಯನ್ನೂ ತೋರಿಸುತ್ತದೆ. ಕಣದಲ್ಲಿ ಏಕಕಾಲಕ್ಕೆ ಆಡಬಹುದಾದ ವಿದೇಶಿ ಆಟಗಾರರ ಸಂಖ್ಯೆಯನ್ನು ಲೀಗ್ 2021-22ರಿಂದ ನಾಲ್ಕಕ್ಕೆ ಇಳಿಸಿದರೂ, ಕ್ಲಬ್‌ಗಳು ಆ ನಾಲ್ಕು ಜಾಗಗಳ ಬಹುಪಾಲನ್ನು ತಂಡದ ಬೆನ್ನುಮೂಳೆಯಾದ ಸ್ಥಾನಗಳಿಗೇ, ಅದರಲ್ಲೂ ಸ್ಟ್ರೈಕರ್ ಮತ್ತು ಪ್ಲೇಮೇಕರ್ ಸ್ಥಾನಗಳಿಗೇ ಬಳಸುತ್ತವೆ. ಭಾರತೀಯ ಯುವಕನಿಗೆ ಸಿಗುವುದು ಹೆಚ್ಚಾಗಿ ಬದಿಯ ಸ್ಥಾನಗಳು. ಪಂದ್ಯದ ಒತ್ತಡದಲ್ಲಿ ದಾಳಿಯನ್ನು ನಡೆಸುವ, ಗೋಲಿನ ಮುಂದೆ ಕೊನೆಯ ನಿರ್ಣಯ ಕೈಗೊಳ್ಳುವ ಶಿಕ್ಷಣ ಅವನಿಗೆ ದೊರೆಯುವುದು ವಿರಳ. ಅದರ ಫಲವನ್ನು ರಾಷ್ಟ್ರೀಯ ತಂಡ ಉಣ್ಣುತ್ತಿದೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನ ಮೂರು ಪಂದ್ಯಗಳಲ್ಲಿ ಭಾರತ ಒಂದು ಗೋಲನ್ನೂ ಹೊಡೆಯಲಿಲ್ಲ. ಆ ವರ್ಷ ಜೂನ್‌ನಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದ ಛೆಟ್ರಿಯನ್ನು ಒಂಬತ್ತೇ ತಿಂಗಳಲ್ಲಿ ಮರಳಿ ಕರೆಯಬೇಕಾಯಿತು. ಆದರೂ 2027ರ ಏಷ್ಯನ್ ಕಪ್‌ಗೆ ಅರ್ಹತೆ ದಕ್ಕಲಿಲ್ಲ. ಇಗೊರ್ ಸ್ಟಿಮಾಚ್, ಮನೋಲೊ ಮಾರ್ಕೆಸ್, ಖಾಲಿದ್ ಜಮೀಲ್ ಎಂದು ತರಬೇತುದಾರರ ಹೆಸರು ಬದಲಾಗುತ್ತ ಹೋದರೂ ಗೋಲಿನ ಬರ ಉಳಿದೇ ಇದೆ.

ಸ್ಟ್ರೈಕರ್ ಮತ್ತು ಪ್ಲೇಮೇಕರ್‌ಗಳು ಇಪ್ಪತ್ತರ ವಯಸ್ಸಿನಲ್ಲಿ ಕ್ಲಬ್‌ನ ಬಾಗಿಲಿಗೆ ಬಂದ ಮೇಲೆ ತಯಾರಾಗುವವರಲ್ಲ. ಅವರು ಎಂಟು-ಹತ್ತರ ವಯಸ್ಸಿನಲ್ಲಿ ಊರಿನ ಮೈದಾನದಲ್ಲಿ ಹುಟ್ಟುತ್ತಾರೆ. ಕೋಲಾರ ಚಿನ್ನದ ಗಣಿ ಈ ಚರ್ಚೆಗೆ ಮುಖ್ಯವಾಗುವುದು ಇಲ್ಲಿಯೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿದ ಮೇಲೆ ಬೆಳೆದ ಈ ಪಟ್ಟಣದಲ್ಲಿ ಬ್ರಿಟಿಷ್ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ ಕುಟುಂಬಗಳು, ತಮಿಳು, ತೆಲುಗು, ಕನ್ನಡ ಮಾತನಾಡುವ ಕಾರ್ಮಿಕರು ಒಂದೆಡೆ ಬಾಳಿದರು. ಫುಟ್‌ಬಾಲ್ ಮತ್ತು ಹಾಕಿ ಅಲ್ಲಿನ ಸಂಜೆಗಳ ಆಟಗಳಾದವು. ಆಟಕ್ಕೆ ಬೇಕಾದ ಮೈದಾನ, ಎದುರಾಳಿ, ನೋಡುವ ಜನ ಎಲ್ಲವೂ ಗಣಿಯ ಬದುಕಿನೊಳಗೇ ಇದ್ದವು. ರಾಜ್ಯದ ಫುಟ್‌ಬಾಲ್‌ಗೂ ಆಗ ಅದೇ ಬಗೆಯ ತಳಹದಿ ಇತ್ತು: ಕಾರ್ಖಾನೆಗಳ, ಸೇನಾ ಘಟಕಗಳ, ಸಾರ್ವಜನಿಕ ಉದ್ಯಮಗಳ ತಂಡಗಳು ಆಟಗಾರರಿಗೆ ಉದ್ಯೋಗವನ್ನೂ ಪಂದ್ಯಗಳನ್ನೂ ಒದಗಿಸುತ್ತಿದ್ದವು. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದರ ಹಿಂದೆ ಈ ತಳಹದಿ ಇತ್ತು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

2001ರ ಫೆಬ್ರುವರಿ 28ರಂದು ಇಲ್ಲಿನ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ನಷ್ಟವಾದದ್ದು ವೇತನವಷ್ಟೇ ಅಲ್ಲ. ಪಾಳಿ ಮುಗಿಸಿ ಮೈದಾನಕ್ಕೆ ಬರುತ್ತಿದ್ದ ಹಿರಿಯರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರಾದಾಗ, ಮಕ್ಕಳಿಗೆ ಆಟ ಹೇಳಿಕೊಡುವ ಹೊತ್ತೇ ಊರಿನಿಂದ ಹೊರಟುಹೋಯಿತು. ಆಟದ ಪ್ರೀತಿ ಉಳಿದಿದೆ. ಆ ಪ್ರೀತಿಯನ್ನು ಪರಿಣತಿಯಾಗಿ ಬೆಳೆಸುವ ವ್ಯವಸ್ಥೆ ಉಳಿದಿಲ್ಲ. ಅಭಿಮಾನಿಗಳನ್ನು ಕಳಿಸಿಕೊಡುವ ಊರು ಆಟಗಾರರನ್ನೂ ಕಳಿಸಿಕೊಡಬಲ್ಲದು ಎಂಬುದನ್ನು ಕ್ಲಬ್ ಆಗಲಿ ರಾಜ್ಯವಾಗಲಿ ಗಂಭೀರವಾಗಿ ಪರಿಗಣಿಸಿಲ್ಲ.

ಹಾಗೆ ಪರಿಗಣಿಸುವುದು ಅಸಾಧ್ಯವೇನಲ್ಲ. ಬೆಂಗಳೂರು ಎಫ್‌ಸಿಯ ಒಡೆತನ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹ ತನ್ನ ಉಕ್ಕಿನ ಕಾರ್ಖಾನೆಯಿರುವ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ವಸತಿಸಹಿತ ಅಕಾಡೆಮಿಯನ್ನು ಕಟ್ಟಿದೆ. ಉದ್ಯಮವೊಂದು ತನ್ನ ನೆಲದಲ್ಲಿ ಆಟಗಾರರನ್ನು ಬೆಳೆಸಬಹುದೆಂಬುದಕ್ಕೆ ಅದೇ ಸಾಕ್ಷಿ. ಬಂಗಾರಪೇಟೆ ಮತ್ತು ಕೆಜಿಎಫ್‌ಗಳಿಗೆ ಬೇಕಿರುವುದು ಅಷ್ಟು ದೊಡ್ಡ ಕಟ್ಟಡವಲ್ಲ. ಹದಿಮೂರು ಮತ್ತು ಹದಿನೈದರೊಳಗಿನ ಮಕ್ಕಳಿಗೆ ವರ್ಷವಿಡೀ ನಡೆಯುವ ಸ್ಥಳೀಯ ಲೀಗ್, ಪರವಾನಗಿ ಪಡೆದು ವೇತನದ ಮೇಲೆ ದುಡಿಯುವ ತರಬೇತುದಾರರು, ಮತ್ತು ಗಣಿ ಭೂಮಿಯ ಭವಿಷ್ಯ ತೀರ್ಮಾನವಾಗುವಾಗ ಆಟದ ಮೈದಾನಗಳನ್ನು ಕೈಗಾರಿಕಾ ಬಳಕೆಯಿಂದ ಹೊರಗಿಡುವ ಲಿಖಿತ ಭರವಸೆ, ಈ ಮೂರು ಸಾಕು. ಆ ಲೀಗ್‌ನ ತರಬೇತಿಯೂ ದೇಹಬಲ ಮತ್ತು ಓಟದ ವೇಗಕ್ಕೆ ಸೀಮಿತವಾಗದೆ, ಇಕ್ಕಟ್ಟಿನಲ್ಲಿ ಚೆಂಡು ಪಡೆದು ತಿರುಗುವ, ಸಹ ಆಟಗಾರನ ಓಟವನ್ನು ಮೊದಲೇ ಕಾಣುವ, ಅಪಾಯದ ಪಾಸ್ ಕೊಡಲು ಹೆದರದ ಮನಸ್ಸನ್ನು ಬೆಳೆಸಬೇಕು. ತಪ್ಪು ಪಾಸ್ ಕೊಟ್ಟ ಹನ್ನೆರಡರ ಹುಡುಗನನ್ನು ಬೈದು ರಕ್ಷಣೆಗೆ ದೂಡುವ ಪದ್ಧತಿಯಿಂದ ಪ್ಲೇಮೇಕರ್ ಎಂದೂ ಹುಟ್ಟುವುದಿಲ್ಲ.

ಅಭಿಮಾನಿಗಳ ಸಿಟ್ಟು ಕೆಲಸಕ್ಕೆ ಬರಬೇಕಾದರೆ ಅದು ಮೂರು ಪ್ರಶ್ನೆಗಳಾಗಿ ಹೊಮ್ಮಬೇಕು: ದಾಳಿಯ ವಿನ್ಯಾಸಕ್ಕೆ ತಂಡದಲ್ಲಿ ಹೊಣೆಗಾರ ಯಾರು, ಅವರಿಗೆ ಒಂದು ಪೂರ್ಣ ಋತುವಿನ ಕಾಲಾವಕಾಶ ಸಿಗುತ್ತದೆಯೇ, ಮತ್ತು ಈ ವರ್ಷ ಸ್ಟ್ರೈಕರ್ ಹಾಗೂ ಪ್ಲೇಮೇಕರ್ ಸ್ಥಾನಗಳಲ್ಲಿ ಎಷ್ಟು ಭಾರತೀಯ ಯುವಕರು ಎಷ್ಟು ನಿಮಿಷ ಆಡಿದರು. ಕ್ಲಬ್ ಪ್ರತಿ ಋತುವಿನ ಕೊನೆಯಲ್ಲಿ ಇವಕ್ಕೆ ಬಹಿರಂಗವಾಗಿ ಉತ್ತರ ಕೊಡಬೇಕು. ಟಿಕೆಟ್ ಕೊಂಡು, ರೈಲು ಹತ್ತಿ, ಸೋಲಿನ ಋತುವಿನಲ್ಲೂ ಸ್ಟ್ಯಾಂಡ್ ತುಂಬಿದವರಿಗೆ ಆ ಉತ್ತರ ಕೇಳುವ ಹಕ್ಕಿದೆ. ಕೆಜಿಎಫ್‌ನ ಅಭಿಮಾನಿಗಳಿಗಂತೂ ನಾಲ್ಕನೆಯ ಪ್ರಶ್ನೆಯನ್ನೂ ಸೇರಿಸುವ ಅಧಿಕಾರವಿದೆ: ತಮ್ಮ ಊರಿನ ಮಕ್ಕಳಿಗೆ ಲೀಗ್ ಯಾವಾಗ ಆರಂಭವಾಗುತ್ತದೆ ಎಂಬುದನ್ನು ಅವರು ಕ್ಲಬ್‌ಗೂ ರಾಜ್ಯ ಫುಟ್‌ಬಾಲ್ ಸಂಸ್ಥೆಗೂ ದಿನಾಂಕ ಸಿಗುವವರೆಗೆ ಕೇಳುತ್ತಲೇ ಇರಬೇಕು.